ಅರೆಹೊಟ್ಟೆಯಲ್ಲಿ ದುಡಿದ ಚಿಪ್

ಹಾಲು ಕಾಯಿಸುವಾಗಲೂ ಆಕೆಯ ಎಡಗೈ ಬೆನ್ನ ಹಿಂದೆಯೇ ಇರುತ್ತಿತ್ತು. ಬಲಗೈಯಲ್ಲಿ ಸೌಟು; ಎಡಗೈ ಸೊಂಟದ ಹಿಂದೆ ಮುಷ್ಟಿ ಕಟ್ಟಿಕೊಂಡು, ಮಕ್ಕಳಿಗೆ ಕಾಣದಂತೆ ಮಿಠಾಯಿ ಬಚ್ಚಿಟ್ಟುಕೊಂಡವಳ ಹಾಗೆ. ಹೊಸಬರು ನೋಡಿದರೆ ಕೈಗೆ ಏನೋ ಪೆಟ್ಟಾಗಿರಬೇಕು ಅಂದುಕೊಳ್ಳುತ್ತಿದ್ದರು. ಪೆಟ್ಟಾಗಬಾರದೆಂದೇ ಆ ಕೈ ಅಲ್ಲಿಗೆ ಹೋಗಿ ಕೂತದ್ದು. ಕರೆಂಟು ಹರಿಯುವ ಬೋರ್ಡಿಗೆ ಒಂದೇ ಕೈ ಹಾಕಬೇಕು. ಎರಡನ್ನೂ ಹಾಕಿದರೆ ಒಂದರಿಂದ ಹೊಕ್ಕದ್ದು ಇನ್ನೊಂದರಿಂದ ಹೊರಬೀಳುವ ದಾರಿಯಲ್ಲಿ ಗುಂಡಿಗೆಯ ಬಾಗಿಲು ತಟ್ಟಿಯೇ ಹೋಗುತ್ತದೆ. ಇದನ್ನು ಒಮ್ಮೆ ಕಲಿತ ಎಡಗೈಗೆ ಮತ್ತೆ ಹೇಳಿಕೊಡಬೇಕಾಗಲಿಲ್ಲ. ಒಲೆಯ ಮುಂದೆ, ನಲ್ಲಿಯ ಮುಂದೆ, ಅಂಗಡಿಯ ಸಾಲಿನಲ್ಲಿ, ಅದು ತಾನಾಗಿ ಬೆನ್ನಿಗೆ ಹೋಗುತ್ತಿತ್ತು.

“ನನ್ನ ಸೊಸೆ ಒಂದು ಕೈಯನ್ನ ತವರಲ್ಲೇ ಬಿಟ್ಟು ಬಂದಿದಾಳೆ” ಎಂದು ಅತ್ತೆ ಬದುಕಿದ್ದಷ್ಟು ದಿನವೂ ಹೇಳುತ್ತಿದ್ದಳು.

ಬೀದಿಗೆ ಆಕೆ ಕರೆಂಟಕ್ಕ. ಗಂಡ ಕರೆಂಟಕ್ಕನ ಗಂಡ. ಹಾಗೆ ಕರೆಸಿಕೊಳ್ಳುವುದರಲ್ಲಿ ಅವನಿಗೆ ಬೇಸರವೇನೂ ಇರಲಿಲ್ಲ. ಅವನು ಟ್ರಾನ್ಸ್‌ಫಾರ್ಮರ್‌ಗೆ ತಂತಿ ಸುತ್ತುವವನು. ತಾಮ್ರದ ತಂತಿ ಜಾರಿ ಜಾರಿ ಅವನ ಹೆಬ್ಬೆರಳಿನ ಮೇಲೆ ಒಂದು ಗೀರು ಕಾಲುದಾರಿಯಂತೆ ಬಿದ್ದಿತ್ತು. ಆಕೆ ಮದುವೆಗೆ ಮುಂಚೆ ರೇಡಿಯೋ ಜೋಡಿಸುವ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವಳು. ಆ ಕಾರ್ಖಾನೆ ಮುಚ್ಚಿತು, ರೇಡಿಯೋ ಕೇಳುವವರೂ ಕಡಿಮೆಯಾದರು, ಕೈಯಲ್ಲಿ ಬೆಸುಗೆ ಮಾತ್ರ ಉಳಿಯಿತು. ಅವನ ಸುರುಳಿ, ಇವಳ ಬೆಸುಗೆ ಸೇರಿ ಇನ್ವರ್ಟರ್ ಆಯಿತು. ಮನೆಯ ಕೆಳಗಿನ ಕೋಣೆಗೆ ಒಂದು ಶಟರ್ ಹಾಕಿಸಿಕೊಂಡರು. ದಿನಾ ಸಂಜೆ ಕರೆಂಟು ಹೋಗುವ ಊರಿನಲ್ಲಿ ಅಂಥ ಕೋಣೆಗೆ ಬರುವವರಿಗೇನು ಕೊರತೆ.

ಕೋಣೆಯಲ್ಲಿ ಒಂದು ಮರದ ಮೇಜು. ಬೆಸುಗೆ ಕಡ್ಡಿ ಸುಟ್ಟ ಕಪ್ಪು ಚುಕ್ಕಿಗಳಿಂದ ಅದರ ಮೈಯೆಲ್ಲ ಸಿಡುಬು ಎದ್ದ ಮುಖದಂತಿತ್ತು. ಮೇಜಿನ ಮುಂದೆ ನೆಲದ ಮೇಲೆ ದಪ್ಪ ರಬ್ಬರ್ ಹಾಸು, ಆಕೆಯ ಎರಡು ಪಾದ ನಿಲ್ಲುವಲ್ಲಿ ಸವೆದು ತಗ್ಗಾದದ್ದು. ಎದುರು ಗೋಡೆಗೆ ಕೆಂಪು ಸ್ವಿಚ್ಚು, ಅದರ ಪಕ್ಕ ಒಂದು ಮೊಳೆಗೆ ತೂಗುಹಾಕಿದ ದೀಪ, ಕೆಳಗೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಗಂಡ.

ಆ ಸ್ಟೂಲು ಹುಡುಗಾಟದ್ದಲ್ಲ. ಇನ್ವರ್ಟರಿನೊಳಗೆ ದಪ್ಪ ಕೆಪಾಸಿಟರ್‌ಗಳಿರುತ್ತವೆ. ಸ್ವಿಚ್ಚು ಆರಿಸಿದ ಮೇಲೂ ಅವು ಹೊಟ್ಟೆಯಲ್ಲಿ ಕರೆಂಟನ್ನು ಇಟ್ಟುಕೊಂಡು ಸುಮ್ಮನೆ ಕೂತಿರುತ್ತವೆ, ನೋಡಿದವರಿಗೆ ಸಾಧುವಿನಂತೆ. ಮುಟ್ಟಿದವರಿಗೆ ಗೊತ್ತು. ಅದಕ್ಕೆ ಈ ಮನೆಯಲ್ಲೊಂದು ಕಟ್ಟಳೆ. ಆಕೆ ಇನ್ವರ್ಟರಿನ ಡಬ್ಬಿಯೊಳಗೆ ಕೈ ಹಾಕುವ ಮುಂಚೆ “ಕೈ ಹಾಕಲಾ?” ಎಂದು ಕೇಳಬೇಕು. ಅವನು ಸ್ವಿಚ್ಚು ಆರಿಸಿ, ದೀಪದ ತಂತಿಯನ್ನು ಕೆಪಾಸಿಟರಿಗೆ ತಗುಲಿಸಿ, ಒಳಗಿದ್ದುದೆಲ್ಲ ದೀಪದಲ್ಲಿ ಉರಿದು ಮುಗಿದು ಕತ್ತಲಾದದ್ದನ್ನು ಕಣ್ಣಾರೆ ಕಂಡು “ಹಾಕು” ಅನ್ನಬೇಕು. ಅವನು ಅನ್ನುವವರೆಗೆ ಆಕೆಯ ಬಲಗೈ ಗಾಳಿಯಲ್ಲಿ ನಿಂತಿರಬೇಕು. ಇಬ್ಬರೂ ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಆ ಕೋಣೆಯಲ್ಲಿ ಈ ಎರಡು ಮಾತು ಮಾತ್ರ ನಡೆಯುತ್ತಿದ್ದವು. ಮೇಲಿನ ಮನೆಯವರು ಇದನ್ನು ಕೇಳಿಸಿಕೊಂಡು, “ಗಂಡನ ಅಪ್ಪಣೆ ಇಲ್ಲದೆ ಕೈ ಅಲ್ಲಾಡಿಸಲ್ಲ ನೋಡಿ ಈಯಮ್ಮ” ಎಂದು ತಮ್ಮ ಸೊಸೆಗೆ ಬುದ್ಧಿ ಹೇಳಿದ್ದೂ ಉಂಟು.

ಇನ್ವರ್ಟರ್ ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ಆಕೆ ಓರಗಿತ್ತಿಯರ ಕಥೆ ಹೇಳುತ್ತಿದ್ದಳು. ಬ್ಯಾಟರಿಯ ಕರೆಂಟು ಒಂದೇ ದಿಕ್ಕಿಗೆ ಹರಿಯುವಂಥದು. ಮನೆಯ ದೀಪಕ್ಕೆ, ಫ್ಯಾನಿಗೆ ಬೇಕಾದ್ದು ಹಿಂದೆ ಮುಂದೆ ತೂಗುವ ಕರೆಂಟು. ತೂಗುವ ಕೆಲಸ ಟ್ರಾನ್ಸಿಸ್ಟರ್‌ಗಳದು. ಮೇಲೊಂದು, ಕೆಳಗೊಂದು.

“ಒಂದೇ ಅಡುಗೆಮನೆ, ಇಬ್ಬರು ಓರಗಿತ್ತಿಯರು ಅಂತಿಟ್ಕೊ. ಒಬ್ಬಳು ಒಳಗಿದ್ರೆ ಇನ್ನೊಬ್ಬಳು ಹೊರಗಿರಬೇಕು. ಇಬ್ಬರೂ ಒಟ್ಟಿಗೆ ಒಳಗೆ ಹೋದ್ರೋ, ಪಾತ್ರೆ ಒಂದೂ ಉಳಿಯಲ್ಲ.”

“ಅವರನ್ನ ತಡೆಯೋರು ಯಾರು ಮತ್ತೆ?”

“ಅತ್ತೆ. ಅದಕ್ಕೇ ಡ್ರೈವರ್ ಚಿಪ್ ಅನ್ನೋದು. ನೀನು ಹೋಗು, ನೀನು ಬಾ ಅಂತ ಹೇಳ್ತಾ ಬಾಗಿಲಲ್ಲಿ ಕೂತಿರುತ್ತೆ.”

ಒಳಕೋಣೆಯಿಂದ ಅತ್ತೆಯ ದನಿ ಬರುತ್ತಿತ್ತು: “ಹಾಗಾದ್ರೆ ನಾನಿಲ್ಲದೆ ನಿನ್ನ ಡಬ್ಬಿ ನಡೆಯಲ್ಲ ಅನ್ನು.”

ಆ ಅತ್ತೆ ಹಾಸಿಗೆ ಹಿಡಿದ ತಿಂಗಳಲ್ಲೇ ಹಳೆಯ ಡ್ರೈವರ್ ಚಿಪ್ ಸಿಗುವುದು ನಿಂತಿತು. ಅದನ್ನು ಮಾಡುವುದನ್ನೇ ನಿಲ್ಲಿಸಿದ್ದಾರೆ ಎಂದ ಬಿಡಿಭಾಗದ ಅಂಗಡಿಯವನು. ಬೇರೆ ಚಿಪ್ ಆರಿಸಬೇಕಾಯಿತು. ಚಿಪ್ ಆರಿಸುವುದೆಂದರೆ ಹೆಣ್ಣು–ಗಂಡಿನ ಜಾತಕ ನೋಡಿದ ಹಾಗೆ. ಮುಖ ನೋಡಿ ಒಪ್ಪಿಕೊಳ್ಳುವಂತಿಲ್ಲ. ಎಷ್ಟು ಬೇಗ ಆಜ್ಞೆ ಕೊಡುತ್ತದೆ, ಟ್ರಾನ್ಸಿಸ್ಟರಿನ ಬಾಗಿಲನ್ನು ಎಷ್ಟು ಜೋರಾಗಿ ಎಳೆಯಬಲ್ಲದು, ಎಷ್ಟು ವೋಲ್ಟಿನವರೆಗೆ ತಡೆದುಕೊಳ್ಳುತ್ತದೆ, ಮೇಲಿನವಳು ಹೊರಬಂದ ಮೇಲೆ ಕೆಳಗಿನವಳನ್ನು ಒಳಗೆ ಬಿಡುವ ಮುಂಚೆ ಒಂದು ಉಸಿರಿನಷ್ಟು ಬಿಡುವು ಕೊಡುತ್ತದೆಯೋ ಇಲ್ಲವೋ. ಆಕೆ ಚಿಪ್‌ನ ವಿವರ ಅಚ್ಚಾದ ಹಾಳೆಯಲ್ಲಿ ಎಲ್ಲವನ್ನೂ ನೋಡಿದಳು. ಅತ್ತೆಗೆ ಬಟ್ಟೆ ಬದಲಾಯಿಸಿ, ಬಿಸಿನೀರಲ್ಲಿ ಒರೆಸಿ, ಮಗ್ಗುಲು ತಿರುಗಿಸಿ ಮಲಗಿಸಿ ಬಂದು, ಊಟ ಮಾಡಿದ ತಟ್ಟೆಯ ಮುಂದೆಯೇ ಕೂತು ನೋಡಿದಳು. ಕಣ್ಣು ಎಳೆಯುತ್ತಿತ್ತು. ಚಿಪ್‌ನ ಕಾಲುಗಳ ಸಂಖ್ಯೆ ಹೊಂದಿತು, ವೇಗ ಹೊಂದಿತು, ತ್ರಾಣ ಹೊಂದಿತು. ಒಳಗಿನಿಂದ ಅತ್ತೆ ನೀರು ಕೇಳಿದಳು. ಎದ್ದು ಹೋಗಿ ಬಂದವಳು, ಇದೇ ಆಗಲಿ ಅಂದುಬಿಟ್ಟಳು.

ಹೊಸ ಚಿಪ್ ಹಾಕಿದ ಇನ್ವರ್ಟರ್‌ಗಳು ಮೇಜಿನ ಮೇಲೆ ಗಡಿಯಾರದಂತೆ ನಡೆದವು. ಒಂದು ದರ್ಜಿಯ ಅಂಗಡಿಗೆ ಹೋಯಿತು, ಒಂದು ಹೆರಿಗೆ ಆಸ್ಪತ್ರೆಗೆ, ಇನ್ನು ಕೆಲವು ಅಲ್ಲಿ ಇಲ್ಲಿ. ಅತ್ತೆ ಹೋದಳು. ಮನೆಯಲ್ಲಿ ಕೆಲಸ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಇಷ್ಟು ದಿನ ತಡೆದಿದ್ದ ದಣಿವೆಲ್ಲ ಬಾಕಿ ವಸೂಲಿಗೆ ಬಂದವರಂತೆ ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತಿತು. ಆಕೆ ಅದಕ್ಕೆ ಆಮೇಲೆ ಬಾ ಅಂದಳು, ಎಲ್ಲರೂ ಅನ್ನುವ ಹಾಗೆ.

ದರ್ಜಿ ಬಂದದ್ದು ಒಂದು ಬೆಳಿಗ್ಗೆ. ಮಾತು ಹೊಲಿದು ಹಾಕಿದಂತೆ ಚುರುಕಾಗಿ ಆಡುವ ಹೆಂಗಸು. ಇನ್ವರ್ಟರನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಬಂದಿದ್ದಳು.

“ನೋಡಕ್ಕ, ನಿನ್ನೆ ಸಂಜೆ ಹೊಗೆ ಹಾಕ್ತು. ನಾನು ಹೊಲಿಗೆ ಮಿಷಿನ್‌ಗೆ ದೃಷ್ಟಿ ತೆಗೀತಿದಾರೇನೋ ಅಂದ್ಕೊಂಡೆ.”

“ಬ್ಯಾಟರಿ ಹೇಗಿತ್ತು?”

“ಹಳೇದು. ನನ್ನ ಹಾಗೇ, ನಿಂತು ನಿಂತು ನಡೆಯುತ್ತೆ.”

ಆಕೆ ಮುಚ್ಚಳ ತೆಗೆದಳು. ಸುಟ್ಟ ವಾಸನೆ ಮುಖಕ್ಕೆ ಬಡಿಯಿತು. ಮೇಲಿನ ಟ್ರಾನ್ಸಿಸ್ಟರು ಸೀಳಿ ಬಾಯ್ದೆರೆದಿತ್ತು, ಕೆಳಗಿನದು ಕಪ್ಪಾಗಿತ್ತು. ಡ್ರೈವರ್ ಚಿಪ್ ಮಾತ್ರ ಹೊಚ್ಚ ಹೊಸದರಂತೆ ಕೂತಿತ್ತು, ಮನೆ ಉರಿದರೂ ಜಗುಲಿ ಬಿಟ್ಟು ಏಳದ ಹಿರಿಯನ ಹಾಗೆ. ಆಕೆಗೆ ಅದು ಹಿಡಿಸಲಿಲ್ಲ. ದರ್ಜಿಯನ್ನು ಕಳಿಸಿ, ಅದೇ ಜಾತಿಯ ಇನ್ನೊಂದು ಚಿಪ್ಪನ್ನು ಮೇಜಿನ ಮೇಲೆ ಜೋಡಿಸಿ, ಅದಕ್ಕೆ ಹೋಗುವ ವೋಲ್ಟನ್ನು ಗುಂಡಿ ತಿರುಗಿಸಿ ಮೆಲ್ಲಗೆ ಇಳಿಸುತ್ತ ಬಂದಳು.

ಹಳೆಯ ಚಿಪ್ ಆಗಿದ್ದರೆ ಸ್ವಲ್ಪ ಇಳಿಸಿದ ಕೂಡಲೇ ಕೆಲಸ ನಿಲ್ಲಿಸುತ್ತಿತ್ತು. ತನಗೇ ಹೊಟ್ಟೆ ತುಂಬಿಲ್ಲದಾಗ ಅದು ಯಾರಿಗೂ ಆಜ್ಞೆ ಕೊಡುತ್ತಿರಲಿಲ್ಲ. ಎರಡು ಬಾಗಿಲನ್ನೂ ಮುಚ್ಚಿ ಕೂತುಬಿಡುತ್ತಿತ್ತು. ದೀಪ ಆರುತ್ತಿತ್ತು, ಜನ ಬೈಯುತ್ತಿದ್ದರು, ಏನೂ ಸುಡುತ್ತಿರಲಿಲ್ಲ. ಈ ಹೊಸದು ನಿಲ್ಲಿಸಲಿಲ್ಲ. ಆಕೆ ಇನ್ನೂ ಇಳಿಸಿದಳು. ನಿಲ್ಲಿಸಲಿಲ್ಲ. ಅರೆಹೊಟ್ಟೆಯಲ್ಲಿ, ಅರೆ ಬಲದಲ್ಲಿ ಬಾಗಿಲನ್ನು ಎಳೆಯುತ್ತಲೇ ಇತ್ತು. ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ, ಮುಚ್ಚುತ್ತಲೂ ಇರಲಿಲ್ಲ. ಅರೆ ತೆರೆದ ಬಾಗಿಲಲ್ಲಿ ಕರೆಂಟು ಉಜ್ಜಿಕೊಂಡು ನುಗ್ಗುತ್ತ ಟ್ರಾನ್ಸಿಸ್ಟರನ್ನು ಹುರಿಯುತ್ತಿತ್ತು. ಬ್ಯಾಟರಿ ತುಂಬಿರುವಾಗ ಇದು ಗೊತ್ತಾಗುವುದೇ ಇಲ್ಲ. ಮೇಜಿನ ಮೇಲೆ ಆಕೆ ಯಾವಾಗಲೂ ತುಂಬಿದ ಬ್ಯಾಟರಿಯಲ್ಲೇ ನೋಡಿದ್ದಳು.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ” ಎಂದ ಗಂಡ, ಹಿಂದಿನಿಂದ ಬಗ್ಗಿ ನೋಡುತ್ತ. “ಎಂಥ ಮಾನವಂತ ಚಿಪ್ ಹುಡುಕಿದೀಯ.”

ಆಕೆ ನಗಲಿಲ್ಲ. ಯಾವ ವೋಲ್ಟಿಗೆ ಕೈಚೆಲ್ಲುತ್ತದೆ ಎಂಬುದೂ ಜಾತಕದಲ್ಲಿ ಇರುತ್ತದೆ. ಆ ಮಧ್ಯಾಹ್ನ ಆ ಒಂದು ಸಾಲಿನ ಹತ್ತಿರ ಬಂದಾಗಲೇ ಅತ್ತೆ ನೀರು ಕೇಳಿದ್ದಳೋ, ಅದಕ್ಕೂ ಮುಂಚೆಯೇ ತನ್ನ ಕಣ್ಣು ಮುಚ್ಚಿತ್ತೋ, ನೆನಪಾಗಲಿಲ್ಲ.

“ಆಸ್ಪತ್ರೆಯ ಬ್ಯಾಟರಿ ಹಳೇದೇ ಅಲ್ವಾ?” ಎಂದು ಕೇಳಿದಳು.

ಗಂಡನ ಮುಖದಲ್ಲಿದ್ದ ನಗು ಇಳಿಯಿತು. “ಹೌದು. ಬದಲಾಯಿಸಿ ಅಂತ ನಾನೇ ಹೇಳಿದ್ದೆ. ಮುಂದಿನ ತಿಂಗಳು ಅಂದಿದ್ರು.”

ಹೆರಿಗೆ ಆಸ್ಪತ್ರೆ ಎರಡು ಬೀದಿ ಆಚೆ. ಹಸಿರು ಬಣ್ಣ ಅರ್ಧ ಗೋಡೆಯವರೆಗೆ ಬಳಿದ ಉದ್ದ ಪಡಸಾಲೆ, ಫಿನೈಲಿನ ವಾಸನೆ, ಬೆಂಚಿನ ಮೇಲೆ ಯಾರದೋ ಅತ್ತೆ, ಯಾರದೋ ಅಮ್ಮ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಅಲ್ಲಿಯ ಯಜಮಾನಿಕೆಯೆಲ್ಲ ದೊಡ್ಡ ನರ್ಸಿನದು. ಡಾಕ್ಟರು ಬಂದು ಹೋಗುವವರು. ದೊಡ್ಡ ನರ್ಸು ಇರುವವಳು.

“ನಿಮ್ಮ ಡಬ್ಬಿಯಲ್ಲಿ ತಪ್ಪಿದೆ. ನನ್ನದೇ ತಪ್ಪು” ಎಂದಳು ಕರೆಂಟಕ್ಕ, ಪೀಠಿಕೆ ಇಲ್ಲದೆ. “ಬ್ಯಾಟರಿ ಇಳಿದಾಗ ಸುಟ್ಟು ಹೋಗಬಹುದು. ತಗೊಂಡು ಹೋಗಿ ಸರಿ ಮಾಡಿ ತರ್ತೀವಿ.”

“ಒಳಗೊಬ್ಬಳಿದಾಳೆ. ಚೊಚ್ಚಲು. ಸಂಜೆ ಹೊತ್ತಿಗೆ ಆಗುತ್ತೆ. ಸಂಜೆಗೇ ಕರೆಂಟೂ ಹೋಗುತ್ತೆ.” ದೊಡ್ಡ ನರ್ಸು ಗಡಿಯಾರ ನೋಡಲಿಲ್ಲ, ಕಿಟಕಿಯ ಬಿಸಿಲು ನೋಡಿದಳು. “ಇವತ್ತು ಹಾಗೇ ಇರಲಿ, ನಾಳೆ ತಗೊಂಡು ಹೋಗಿ ಅಂದ್ರೆ?”

“ಹೆರಿಗೆ ಕೋಣೆಯಲ್ಲಿ ಹೊಗೆ ಬಂದ್ರೆ?”

ದೊಡ್ಡ ನರ್ಸು ಸೊಂಟದ ಬೀಗದ ಕೈಗೊಂಚಲಿಗೆ ಕೈ ಹಾಕಿದಳು. “ಸಂಜೆಯೊಳಗೆ ತರ್ತೀರಾ?”

“ತರ್ತೀವಿ.”

“ಇದನ್ನ ಗಂಡಸರು ಹೇಳಿದ್ರೆ ನಂಬ್ತಿರಲಿಲ್ಲ” ಎಂದು ದೊಡ್ಡ ನರ್ಸು ಇನ್ವರ್ಟರ್ ಇಟ್ಟ ಕೋಣೆಯ ಬೀಗದ ಕೈ ಕೊಟ್ಟಳು. ಕರೆಂಟಕ್ಕನ ಗಂಡ ತನಗಲ್ಲವೆಂಬಂತೆ ಗೋಡೆಯ ಮೇಲಿನ ಮಗುವಿನ ಚಿತ್ರ ನೋಡುತ್ತಿದ್ದ.

ಕೈಗಾಡಿಯಲ್ಲಿ ಡಬ್ಬಿಯನ್ನು ತಳ್ಳಿಕೊಂಡು ಬಂದರು. ಹಳೆಯ ಜಾತಿಯ ಚಿಪ್ ಅಂಗಡಿಯಲ್ಲಿ ಸಿಗದಿದ್ದರೂ ಮೂಲೆಯಲ್ಲಿ ಬಿದ್ದಿದ್ದ ಸತ್ತ ಬೋರ್ಡುಗಳಲ್ಲಿ ಇತ್ತು. ಆಕೆ ಬೆಸುಗೆ ಕರಗಿಸಿ, ಹಾಲುಹಲ್ಲು ಕೀಳುವಷ್ಟು ಮೆತ್ತಗೆ, ಒಂದೊಂದೇ ಕಾಲು ಬಿಡಿಸಿ ಅವನ್ನು ತೆಗೆದಳು. ಒಂದರ ಕಾಲು ಮುರಿಯಿತು. ಮುಂಚೆ ಆಕೆಯ ಕೈಯಲ್ಲಿ ಚಿಪ್‌ನ ಕಾಲು ಮುರಿದದ್ದಿಲ್ಲ. ಗಂಡ ನೋಡಿದ. ಬೆಳಗಿನಿಂದ ಇಬ್ಬರಿಗೂ ಚಹ ಬಿಟ್ಟರೆ ಬೇರೆ ಏನೂ ಆಗಿರಲಿಲ್ಲ. ಅತ್ತೆ ಹೋದ ಮೇಲೂ ಇಬ್ಬರಿಗೂ ನಿದ್ದೆಯ ನಡುವೆ ಯಾರೋ ನೀರು ಕೇಳಿದಂತಾಗಿ ಏಳುವುದು ತಪ್ಪಿರಲಿಲ್ಲ. ಎದ್ದವರು ಒಬ್ಬರನ್ನೊಬ್ಬರು ನೋಡಿ ಮತ್ತೆ ಮಲಗುತ್ತಿದ್ದರು.

ಚಿಪ್ ಕೂತಿತು. ಗುಂಡಿ ತಿರುಗಿಸಿ ವೋಲ್ಟು ಇಳಿಸಿ ನೋಡಿದಳು. ಹಳೆಯದು ಹಳೆಯ ಹಟದಲ್ಲೇ ಕೆಲಸ ನಿಲ್ಲಿಸಿತು. ಆದರೆ ದೊಡ್ಡ ಕರೆಂಟು ಕೊಟ್ಟು ನೋಡಿದಾಗ ಮೇಲಿನ ಟ್ರಾನ್ಸಿಸ್ಟರಿಗೆ ಆಜ್ಞೆ ಒಮ್ಮೆ ಮುಟ್ಟುತ್ತಿತ್ತು, ಒಮ್ಮೆ ಮುಟ್ಟುತ್ತಿರಲಿಲ್ಲ. ಎಲ್ಲೋ ಒಂದು ಬೆಸುಗೆ ಕಚ್ಚಿಕೊಂಡಿಲ್ಲ. ಎಲ್ಲಿ ಎಂದು ಹುಡುಕಬೇಕು: ಹಚ್ಚಬೇಕು, ಅಳೆಯಬೇಕು, ಆರಿಸಬೇಕು, ದೀಪದಲ್ಲಿ ಉರಿಸಬೇಕು, ಕೈ ಹಾಕಬೇಕು, ಮತ್ತೆ ಹಚ್ಚಬೇಕು.

“ಕೈ ಹಾಕಲಾ?”

“ಹಾಕು.”

ಒಂದು ಜಾಗಕ್ಕೆ ಬೆಸುಗೆ ಹಾಕಿದಳು. ಹಚ್ಚಿದರು. ಅದಲ್ಲ.

“ಕೈ ಹಾಕಲಾ?”

“ಹಾಕು.”

ಅದೂ ಅಲ್ಲ. ಬಿಸಿಲು ಶಟರಿನ ಅಂಚಿನಿಂದ ಮೇಜಿನ ಕಾಲಿಗೆ ಬಂತು. ಬೀದಿಯಲ್ಲಿ ಶಾಲೆ ಬಿಟ್ಟ ಗದ್ದಲ ಎದ್ದು, ಇಳಿಯಿತು.

“ಕೈ ಹಾಕಲಾ?”

“ಹಾಕು.”

ಆಕೆಯ ಬಲಗೈ ಒಳಗೆ ಹೋಗುವ ಮುಂಚೆ ಮೀಟರಿನ ಮೊನೆ ಹೋಯಿತು. ಅದೊಂದು ಚಟ, ಗಂಡನ ಮಾತಿನ ಮೇಲೆ ಅನುಮಾನವೆಂದಲ್ಲ, ಉಂಡ ಮೇಲೆ ಬಾಯಿ ಒರೆಸಿದ ಹಾಗೆ. ಮೀಟರಿನ ಮುಳ್ಳು ಒಮ್ಮೆಲೇ ಕೊನೆಗೆ ಹೋಗಿ ಬಡಿದು ನಿಂತಿತು.

ಆಕೆ ಮೊನೆಯನ್ನು ಹಿಂದಕ್ಕೆ ತೆಗೆದಳು. ತಲೆಯೆತ್ತಿ ನೋಡಿದಳು. ಕೆಂಪು ಸ್ವಿಚ್ಚು ಇನ್ನೂ ಹಚ್ಚಿದಂತೆಯೇ ಇತ್ತು. ದೀಪ ಮೊಳೆಯಲ್ಲಿ ತೂಗುತ್ತಿತ್ತು. ಗಂಡ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದ, ಕಣ್ಣು ತೆರೆದೇ ಇತ್ತು, ಆ ಕಣ್ಣಲ್ಲಿ ಅವನಿರಲಿಲ್ಲ. ಇಷ್ಟು ವರ್ಷ ಆ ಪ್ರಶ್ನೆಗೆ ಆ ಉತ್ತರ ಕೊಟ್ಟು ಕೊಟ್ಟು ಅವನ ಬಾಯಿ ಅವನನ್ನು ಕೇಳದೆಯೇ ಉತ್ತರ ಕೊಡುವುದನ್ನು ಕಲಿತುಬಿಟ್ಟಿತ್ತು. ಅಡುಗೆಮನೆಯಿಂದ ಹೆಂಡತಿ ಏನಾದರೂ ಹೇಳಿದರೆ ‘ಹೂಂ’ ಅನ್ನುವ ಗಂಡಂದಿರ ಹಾಗೆ.

“ರೀ.”

ಅವನು ಬೆಚ್ಚಿ ಸ್ವಿಚ್ಚು ನೋಡಿದ. ದೀಪ ನೋಡಿದ. ಅವಳ ಕೈ ನೋಡಿದ.

“ನಾನು ಹಾಕು ಅಂದ್ನಾ?”

“ಅಂದ್ರಿ.”

“ಅಂದಿದ್ದು ನಂಗೆ ಗೊತ್ತಿಲ್ಲ ಕಣೇ.”

“ಗೊತ್ತು. ಏಳಿ, ಮುಖ ತೊಳ್ಕೊಂಡು ಬನ್ನಿ.”

ಅವನು ಸ್ವಿಚ್ಚು ಆರಿಸಿ, ದೀಪ ಉರಿಸಿ ಕತ್ತಲಾಗಿಸಿ, ನಲ್ಲಿಗೆ ಹೋದ. ತಣ್ಣೀರಿನಲ್ಲಿ ಮುಖ, ಕುತ್ತಿಗೆ ತೊಳೆದು, ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಬಂದು ಕೂತ. ಈ ಸಲ ಅವನ ಕಣ್ಣು ಸ್ವಿಚ್ಚಿನಿಂದ ಕದಲಲಿಲ್ಲ. ಆಕೆ ಒಂದು ತಂತಿಯನ್ನು ಬದಲಿಸಿದಳು. ಮತ್ತೆ ಹಚ್ಚಲು ಹೇಳಿದಳು, ಮೀಟರಿನ ಮೊನೆಯನ್ನು ಮೇಲಿನ ಟ್ರಾನ್ಸಿಸ್ಟರಿನ ಹತ್ತಿರ ತಂದಳು. ಈಗ ಆಜ್ಞೆ ಸರಿಯಾಗಿ ಮುಟ್ಟುತ್ತಿತ್ತು. ಮುಳ್ಳು ಅಲುಗಾಡದೆ ನಿಂತಿತು. ಸಿಕ್ಕಿತು ಅಂದುಕೊಂಡಳು, ಇದೊಂದನ್ನು ಗಟ್ಟಿಯಾಗಿ ಬೆಸೆದರೆ ಮುಗಿಯಿತು.

ಅಷ್ಟರಲ್ಲಿ ಅಂಗೈಗೆ ತಣ್ಣಗೆ ಏನೋ ತಗುಲಿದಂತಾಯಿತು. ಬಗ್ಗಿ ನೋಡಿದಳು. ಎಡಗೈ. ಬೆನ್ನ ಹಿಂದೆ ಇರಬೇಕಾದ ಎಡಗೈ ಯಾವಾಗಲೋ ಎದ್ದು ಬಂದು ಡಬ್ಬಿಯ ಲೋಹದ ಅಂಚಿನ ಮೇಲೆ ಅಂಗೈ ಊರಿಕೊಂಡು, ದಣಿದ ಹೆಂಗಸು ಕಿಟಕಿಗೆ ಒರಗಿದ ಹಾಗೆ, ಸುಮ್ಮನೆ ಒರಗಿತ್ತು. ಬಲಗೈಯ ಬೆರಳ ತುದಿ ಕರೆಂಟು ಹರಿಯುವ ಲೋಹಕ್ಕೆ ಒಂದು ಎಳೆಯಷ್ಟು ಈಚೆಗಿತ್ತು.

ಏನೂ ಆಗಲಿಲ್ಲ. ಆಕೆ ಬಲಗೈಯನ್ನು ಮೊದಲು ತೆಗೆದಳು, ಆಮೇಲೆ ಎಡಗೈಯನ್ನು. ಮೀಟರನ್ನು ಮೇಜಿನ ಮೇಲಿಟ್ಟಳು.

“ಆರಿಸಿ” ಅಂದಳು.

“ಸಿಕ್ತಾ?”

“ಸಿಕ್ತು. ಆರಿಸಿ. ಸಾಕು.”

“ಇನ್ನೊಂದು ಬೆಸುಗೆ ತಾನೇ? ಎಷ್ಟು ಹೊತ್ತು ಅದು? ಬಿಸಿಲಿದೆ ಇನ್ನೂ. ನಾನು ಎಚ್ಚರಾಗಿದೀನಿ ಈಗ, ನೋಡು.”

“ನಾನು ಎಚ್ಚರಾಗಿಲ್ಲ.”

ಗಂಡ ಅವಳ ಮುಖ ನೋಡಿದ. ಅವಳು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು, ಬೇರೆ ಯಾರದೋ ಮಗುವಿನ ಕೈ ಹಿಡಿದುಕೊಂಡಂತೆ. ಅವನು ಸ್ವಿಚ್ಚು ಆರಿಸಿದ, ದೀಪ ಉರಿಸಿದ, ಅದು ಕತ್ತಲಾಗುವವರೆಗೆ ನೋಡುತ್ತ ನಿಂತ.

“ಆ ಹುಡುಗಿ?” ಎಂದ.

ಆಕೆ ಫೋನು ತೆಗೆದುಕೊಂಡಳು. ದೊಡ್ಡ ನರ್ಸಿನ ದನಿಯ ಹಿಂದೆ ಯಾರೋ ನರಳುವುದು ಕೇಳಿಸುತ್ತಿತ್ತು.

“ಇವತ್ತು ಆಗಲ್ಲ” ಎಂದಳು ಕರೆಂಟಕ್ಕ.

“ಸಂಜೆಯೊಳಗೆ ಅಂದಿರಿ.”

“ಅಂದೆ.”

“ಏನು ಬಾಕಿ ಇದೆ?”

“ಒಂದು ಬೆಸುಗೆ. ಆಮೇಲೆ ಇನ್ನೊಂದು ಸಲ ಹಚ್ಚಿ ಪೂರ್ತಿ ನೋಡಬೇಕು.”

“ಒಂದು ಬೆಸುಗೆ” ಎಂದಳು ದೊಡ್ಡ ನರ್ಸು. ಆ ಎರಡು ಮಾತನ್ನು ತಟ್ಟೆಯಲ್ಲಿಟ್ಟು ತೋರಿಸಿದ ಹಾಗೆ. “ಕೈ ನಡುಗ್ತಿದೆಯಾ?”

“ಇಲ್ಲ. ನಡುಗಿದ್ರೆ ಗೊತ್ತಾಗ್ತಿತ್ತು. ಗೊತ್ತೇ ಆಗ್ತಿಲ್ಲ ನಂಗೆ. ಅದಕ್ಕೇ ಆಗಲ್ಲ ಅಂತಿದೀನಿ.”

ಅತ್ತ ಕಡೆ ನರಳುವ ದನಿ ಒಮ್ಮೆ ಏರಿ, ಸಣ್ಣದಾಯಿತು.

“ಸೇತುವೆ ಆಚೆ ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ” ಎಂದಳು ದೊಡ್ಡ ನರ್ಸು ಕೊನೆಗೆ. “ವ್ಯಾನಲ್ಲಿ. ಆ ರಸ್ತೆಯಲ್ಲಿ ನೋವು ತಿನ್ನೋದು ನೀವಲ್ಲ, ನಾನೂ ಅಲ್ಲ.” ಫೋನು ಇಟ್ಟಳು.

ಸಂಜೆ ಕರೆಂಟು ಹೋಯಿತು. ಬೀದಿಯ ಮನೆಗಳಲ್ಲಿ ಆಕೆಯ ಕೈಯಿಂದ ಹೊರಟ ಇನ್ವರ್ಟರ್‌ಗಳು ಒಂದೊಂದಾಗಿ ಗುಂಯ್‌ಗುಟ್ಟಿ ದೀಪ ಹಚ್ಚಿದವು. ಇಬ್ಬರೂ ಕತ್ತಲ ಕೋಣೆಯಲ್ಲಿ ಕೂತು ತಣ್ಣಗಿನ ಅನ್ನ ತಿಂದರು. ಹಳೆಯ ವ್ಯಾನೊಂದು ಬೀದಿಯ ತುದಿಯಲ್ಲಿ ಹಾರ್ನ್ ಮಾಡಿಕೊಂಡು ಹೋದದ್ದು ಕೇಳಿಸಿತು. ಅದು ಆ ವ್ಯಾನೋ ಅಲ್ಲವೋ. ಆಕೆ ತುತ್ತನ್ನು ಬಾಯಲ್ಲಿಟ್ಟುಕೊಂಡು ಅದರ ಸದ್ದು ಪೂರ್ತಿ ಅಡಗುವವರೆಗೆ ಅಗಿಯಲಿಲ್ಲ.

“ನೀನು ಕೈ ಹಾಕಿದ್ರೂ ಏನೂ ಆಗ್ತಿರಲಿಲ್ಲವೇನೋ” ಎಂದ ಗಂಡ.

“ಆಗ್ತಿರಲಿಲ್ಲವೇನೋ.”

“ಆಗಿದ್ರೆ ಹಾಕು ಅಂದೋನು ನಾನೇ ಆಗ್ತಿದ್ದೆ.” ಅವನು ತಟ್ಟೆ ತೆಗೆದುಕೊಂಡು ಎದ್ದು ಹೋದ, ತೊಳೆಯುವ ನೆಪದಲ್ಲಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತ.

ಮಾರನೆಯ ಬೆಳಿಗ್ಗೆ, ಮಲಗಿ ಎದ್ದ ಕೈಯಿಂದ, ಆ ಒಂದು ಬೆಸುಗೆ ಕಣ್ಣು ಮಿಟುಕಿಸುವುದರೊಳಗೆ ಆಯಿತು. ಅದಕ್ಕೇ ಆಕೆಗೆ ಅಳು ಬಂದದ್ದು. ಇಷ್ಟೇ ಕೆಲಸವಿತ್ತು. ಗಂಡ ಕೆಂಪು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ, ಅವಳು ಕಣ್ಣೊರೆಸಿಕೊಳ್ಳುವವರೆಗೆ ಕಾದ.

ಆಸ್ಪತ್ರೆಯಲ್ಲಿ ದೊಡ್ಡ ನರ್ಸು ಕೋಣೆಯ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ಅವರು ಡಬ್ಬಿ ಕೂರಿಸಿ, ತಂತಿ ಬಿಗಿದು, ಬೇಕೆಂದೇ ಹಳೆಯ ಬ್ಯಾಟರಿಯನ್ನು ಇಳಿಯಲು ಬಿಟ್ಟು ನೋಡಿದರು. ದೀಪ ಮಂಕಾಗುವ ಮುಂಚೆಯೇ ಇನ್ವರ್ಟರು ತಾನಾಗಿ ನಿಂತಿತು. ಕೋಣೆ ಕತ್ತಲಾಯಿತು.

“ಆರಿಹೋಯ್ತಲ್ಲ” ಎಂದಳು ದೊಡ್ಡ ನರ್ಸು ಬಾಗಿಲಲ್ಲಿ ನಿಂತು.

“ಆರಬೇಕು. ಬ್ಯಾಟರಿ ಬದಲಾಯಿಸಿದ್ರೆ ಆರಲ್ಲ. ಬದಲಾಯಿಸದಿದ್ರೆ ಆರುತ್ತೆ, ಸುಡಲ್ಲ.”

ದೊಡ್ಡ ನರ್ಸು ತಲೆಯಾಡಿಸಿದಳು. ಅದು ಒಪ್ಪಿಗೆಯೋ, ಇವರ ಹಣೆಬರಹಕ್ಕೆ ಹಳಹಳಿಕೆಯೋ ತಿಳಿಯಲಿಲ್ಲ.

ಕರೆಂಟಕ್ಕ ಉಪಕರಣಗಳನ್ನು ಚೀಲಕ್ಕೆ ತುಂಬಿದಳು. ಕೇಳಲೋ ಬೇಡವೋ ಎಂದು ಚೀಲದ ಬಾಯಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. “ಆ ಹುಡುಗಿ?”

“ಹೆತ್ತಳು. ಸೇತುವೆ ದಾಟೋ ಅಷ್ಟರಲ್ಲಿ ಅರ್ಧ ಜೀವ ಆಗಿದ್ದಳಂತೆ. ಮಗು ತೂಕ ಕಡಿಮೆ, ಆದ್ರೆ ಅಳುತ್ತೆ ಜೋರಾಗಿ.” ದೊಡ್ಡ ನರ್ಸು ಬೆಂಚಿನ ಮೇಲಿನ ಬಟ್ಟೆಯೊಂದನ್ನು ಮಡಿಸಿದಳು. “ದಾರಿ ಉದ್ದಕ್ಕೂ ಯಾರನ್ನೋ ಬೈದಳಂತೆ. ಯಾರು ಅಂತ ಅವಳಿಗೇ ಗೊತ್ತಿಲ್ಲ. ನಾನೂ ಹೇಳಲಿಲ್ಲ.”

“ಹೇಳಬಹುದಿತ್ತು.”

“ಹೇಳಿ ಏನು. ನಂಗೂ ಬೈಯೋದಿತ್ತು ನಿಮಗೆ, ಬೆಳಿಗ್ಗೆ ಎದ್ದಾಗ ಮರೆತುಹೋಗಿತ್ತು. ನಾನೂ ಎರಡು ದಿನದಿಂದ ಮನೆಗೆ ಹೋಗಿಲ್ಲ.” ಸ್ವಲ್ಪ ತಡೆದು ಅವಳೇ ಕೇಳಿದಳು, “ಹೇಗೆ ಗೊತ್ತಾಯ್ತು ನಿಮಗೆ, ಆಗಲ್ಲ ಅಂತ?”

ಕರೆಂಟಕ್ಕ ಯೋಚಿಸಿದಳು. ಎಡಗೈ ಎದ್ದು ಬಂದ ಕಥೆ ಹೇಳಬೇಕೆನ್ನಿಸಿತು. “ಗೊತ್ತಾಗಿದ್ದು ತಡವಾಗಿ” ಎಂದಷ್ಟೇ ಹೇಳಿದಳು.

ಬಾಕಿ ಉಳಿದ ಡಬ್ಬಿಗಳ ಮನೆಗಳಿಗೆ ಇಬ್ಬರೂ ದಿನಕ್ಕೊಂದರಂತೆ ಹೋದರು. ಹೋದಲ್ಲೆಲ್ಲ ತಪ್ಪು ತಮ್ಮದೇ ಎಂದು ಹೇಳಿದರು. ಕೆಲವರು ಕೂರಿಸಿ ಚಹ ಕೊಟ್ಟರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಬೈದರು. ಒಬ್ಬಾತ, ನಡೆಯುತ್ತಿರುವುದನ್ನು ಬಿಚ್ಚಲು ಬಿಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡ. ಅವನ ಮನೆಗೆ ಮೂರು ಸಲ ಹೋಗಬೇಕಾಯಿತು. ಒಂದು ಡಬ್ಬಿ ಮುಗಿದರೆ ಆ ದಿನದ ಮಟ್ಟಿಗೆ ಮೇಜು ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಶಟರು ಅರ್ಧ ಇಳಿಯುವುದನ್ನು ಬೀದಿ ಮೊದಮೊದಲು ನಂಬಲಿಲ್ಲ. ಕರೆಂಟಕ್ಕನಿಗೆ ಗರ ಬಡಿದಿದೆ ಅಂದರು, ಸಾಲದವರಿಗೆ ಹೆದರಿದಾಳೆ ಅಂದರು. ದರ್ಜಿ ಮಾತ್ರ ತನ್ನ ಡಬ್ಬಿಯ ಸಲುವಾಗಿ ದಿನಾ ಬಂದು ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿ ಇಣುಕುತ್ತಿದ್ದಳು.

ಆ ದಿನವೂ ಇಣುಕಿದಳು. ಒಳಗೆ ರಬ್ಬರ್ ಹಾಸಿನ ಮೇಲೆ ಕರೆಂಟಕ್ಕ ಮಲಗಿದ್ದಳು, ಎರಡೂ ಕೈ ಮುಂದೆ ಚಾಚಿ, ಬಾಯಿ ಸ್ವಲ್ಪ ತೆರೆದು. ಗಂಡ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕಾವಲುಗಾರನಂತೆ ಕೂತು, ತುಟಿಯ ಮೇಲೆ ಬೆರಳಿಟ್ಟ.

“ನನ್ನದು ಯಾವಾಗ?” ದರ್ಜಿ ಪಿಸುಗುಟ್ಟಿದಳು.

“ನಾಳೆ ಬೆಳಿಗ್ಗೆ.”

“ಅಕ್ಕ ಯಾವಾಗ ಏಳ್ತಾರೆ?”

“ಎದ್ದಾಗ.”

“ಹೊತ್ತು ಇನ್ನೂ ಎಷ್ಟಿದೆ, ಈಗ ಎಬ್ಬಿಸಿದ್ರೆ ಸಂಜೆಯೊಳಗೆ ಮುಗಿಯುತ್ತಲ್ಲ?”

“ಮುಗಿಯುತ್ತೆ” ಎಂದ ಗಂಡ, ಮತ್ತು ಶಟರನ್ನು ಇನ್ನೊಂದು ಗೇಣು ಕೆಳಗೆ ಎಳೆದ.